ಕಡತಕ್ಕೆ ಸಿಗದ ಹಿತ್ತಲು: ಮಧ್ಯಯುಗದ ಇಂಗ್ಲೆಂಡಿನ ಹಳ್ಳಿಗರು ಬೆಳೆದ ಸೊಪ್ಪು, ಕಾಳು, ಹಣ್ಣು

ಕೋಸಿನ ಎಲೆಯ ಮೇಲೆ ನೀರು ಚಿಮುಕಿಸಿದರೆ ಅದು ಹರಡುವುದಿಲ್ಲ, ಮಣಿಯಾಗಿ ಉರುಳಿ ಬೀಳುತ್ತದೆ. ಎಲೆಗೆ ಬೂದಿ ಬಳಿದಂತೆ ಕಾಣುವ ತೆಳುವಾದ ಮೇಣವೇ ಅದಕ್ಕೆ ಕಾರಣ. ಈ ಸೊಪ್ಪನ್ನು ಮಣ್ಣಿನ ಮಡಕೆಯಲ್ಲಿ ಬೇಯಿಸಿದಾಗ ಮೇಣ ಕರಗಿ ಮಡಕೆಯ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಒಮ್ಮೆ ಇಳಿಯಿತೆಂದರೆ ತಿಕ್ಕಿ ತೊಳೆದರೂ ಹೋಗುವುದಿಲ್ಲ, ನೂರಾರು ವರ್ಷ ಮಣ್ಣಿನಲ್ಲಿ ಹೂತಿದ್ದರೂ ಹೋಗುವುದಿಲ್ಲ. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿ ರಾಂಡ್ಸ್ ಬಳಿ ವೆಸ್ಟ್ ಕಾಟನ್ ಎಂಬ ಹಾಳೂರನ್ನು ಅಗೆದಾಗ ಸಿಕ್ಕ ಮಡಕೆ ಚೂರುಗಳಲ್ಲಿ ರಿಚರ್ಡ್ ಎವರ್‌ಶೆಡ್ ಮತ್ತು ಸಂಗಡಿಗರು 1991ರಲ್ಲಿ ಗುರುತಿಸಿದ್ದು ಇದೇ ಮೇಣವನ್ನು. 2019ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡವೊಂದು ಅದೇ ಊರಿನ ಎಪ್ಪತ್ತಕ್ಕೂ ಹೆಚ್ಚು ಅಡುಗೆ ಮಡಕೆಗಳನ್ನು ಪರೀಕ್ಷಿಸಿತು. ಕುರಿ, ದನದ ಕೊಬ್ಬು, ಹಾಲಿನ ಜಿಡ್ಡು, ಅವುಗಳ ಜೊತೆಗೆ ಕೋಸು ಮತ್ತು ಲೀಕ್. ಹಳ್ಳಿಯ ಒಲೆಯ ಮೇಲೆ ದಿನವೂ ಕುದಿಯುತ್ತಿದ್ದುದು ಏನೆಂಬುದಕ್ಕೆ ಅಡುಗೆ ಪಾತ್ರೆಯೇ ಹೇಳಿದ ಸಾಕ್ಷಿ ಇದು. (ಲೀಕ್ ಈರುಳ್ಳಿಯ ಬಳಗದ್ದು, ಗೆಡ್ಡೆ ಕಟ್ಟುವುದಿಲ್ಲ, ಬಿಳಿಯ ದಪ್ಪ ದಂಟು ಬಿಡುತ್ತದೆ.)

ಒಂದು ಕಾಲದ ಜನ ಸೊಪ್ಪು ತಿನ್ನುತ್ತಿದ್ದರು ಎಂದು ಸಾಬೀತು ಮಾಡಲು ರಸಾಯನಶಾಸ್ತ್ರ ಯಾಕೆ ಬೇಕಾಯಿತು? ಬರವಣಿಗೆಯ ದಾಖಲೆಗಳಿಗೇನೂ ಅಲ್ಲಿ ಬರವಿಲ್ಲ. 13ನೆಯ ಶತಮಾನದಿಂದ ಮುಂದಕ್ಕೆ ಇಂಗ್ಲೆಂಡಿನ ಜಮೀನ್ದಾರಿಗಳ, ಅಂದರೆ ಮ್ಯಾನರ್‌ಗಳ, ಲೆಕ್ಕಪತ್ರ ರಾಶಿ ರಾಶಿಯಾಗಿ ಉಳಿದಿದೆ. ಯಾವ ಹೊಲಕ್ಕೆ ಎಷ್ಟು ಗೋಧಿ ಬಿತ್ತಿದರು, ಎಷ್ಟು ಬಾರ್ಲಿ ಬಂತು, ಎಷ್ಟು ಕೋಳಿ ಸತ್ತವು ಎಲ್ಲವೂ ಅದರಲ್ಲಿದೆ. ಆದರೆ ಲೆಕ್ಕ ಬರೆಸಿದವನು ಧಣಿ, ಬರೆದವನು ಅವನ ಗುಮಾಸ್ತ. ಒಕ್ಕಲಿನಿಂದ ಧಣಿಗೆ ಬರಬೇಕಾದದ್ದು ಗೇಣಿ ಹಣ, ಬಿಟ್ಟಿ ದುಡಿಮೆ, ಕೋಳಿ, ಮೊಟ್ಟೆ. ಒಕ್ಕಲಿನವನ ಹೆಂಡತಿ ಹಿತ್ತಲಲ್ಲಿ ಎಷ್ಟು ಸೊಪ್ಪು ಕಿತ್ತಳು ಎಂಬುದು ಧಣಿಗೆ ಬೇಡದ ವಿಷಯ. ಬೇಡದ್ದನ್ನು ಯಾರೂ ಬರೆದಿಡಲಿಲ್ಲ. ಮುಂದೆ ಆ ಲೆಕ್ಕಗಳನ್ನು ಓದಿದವರಲ್ಲಿ ಹಲವರು, ಮಧ್ಯಯುಗದ ರೈತ ರೊಟ್ಟಿ, ಏಲ್ (ಒಂದು ಬಗೆಯ ಬಿಯರ್) ಮತ್ತು ಗಂಜಿಯಲ್ಲೇ ಬದುಕಿದ, ತರಕಾರಿ ಅವನಿಗೆ ಅಷ್ಟಕ್ಕಷ್ಟೆ ಎಂದು ತೀರ್ಮಾನಿಸಿದರು. ಕಾಗದದಲ್ಲಿ ಇಲ್ಲದ್ದು ಮಡಕೆಯಲ್ಲೂ ಇರಲಿಲ್ಲ ಎಂದುಕೊಂಡದ್ದೇ ಇಲ್ಲಿ ಎಡವಟ್ಟು.

ಮಣ್ಣಿನೊಳಗಿನ ಬೀಜಗಳೂ ಪೂರ್ತಿ ಕಥೆ ಹೇಳುವುದಿಲ್ಲ. ಒಲೆಯ ಹತ್ತಿರ ಚೆಲ್ಲಿ ಕರಕಲಾದ ಗೋಧಿ, ಬಾರ್ಲಿ ಕಾಳು ಸಾವಿರ ವರ್ಷ ಉಳಿಯುತ್ತವೆ. ಹಳೆಯ ಪಾಯಿಖಾನೆ ಗುಂಡಿಗಳಲ್ಲಿ ಪ್ಲಮ್, ಚೆರ್ರಿ, ಸ್ಲೋ ಹಣ್ಣುಗಳ ಗೊರಟ, ಸೇಬಿನ ಬೀಜ ಧಾರಾಳವಾಗಿ ಸಿಗುತ್ತವೆ. ಸೊಪ್ಪಿನ ವಿಷಯ ಬೇರೆ. ಅದನ್ನು ಬೀಜ ಕಟ್ಟುವ ಮೊದಲೇ ಕೊಯ್ದು ತಿನ್ನುತ್ತಾರೆ, ತಿಂದ ಮೇಲೆ ಉಳಿಯುವುದು ಏನೂ ಇಲ್ಲ. ಯಾರ್ಕ್ ನಗರದ ವೈಕಿಂಗ್ ಕಾಲದ ಗುಂಡಿಗಳ ಒದ್ದೆ ಮಣ್ಣಿನಲ್ಲಿ ಲೀಕ್ ಎಲೆಯ ಹೊರಸಿಪ್ಪೆಯ ಚೂರು ಸಿಕ್ಕಿದ್ದು ಅಪರೂಪದ ಅದೃಷ್ಟ.

ಧಣಿಗೆ ಬೇಡವಾದ ಹಿತ್ತಲಿನ ಮೇಲೆ ಚರ್ಚಿಗೆ ಮಾತ್ರ ಕಣ್ಣಿತ್ತು. ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ದೇವರಿಗೆ ಎಂಬುದು ಕಾನೂನು. ಹಲವು ಊರುಗಳಲ್ಲಿ ಈ ಪಾಲೂ ಎರಡಾಗಿ ಒಡೆದಿತ್ತು. ಹೊಲದ ಧಾನ್ಯದ ದೊಡ್ಡ ಪಾಲು ಊರ ಚರ್ಚಿನ ಹಕ್ಕುದಾರನಾದ ರೆಕ್ಟರ್‌ಗೆ (ಎಷ್ಟೋ ಕಡೆ ಅದು ದೂರದ ಯಾವುದೋ ಮಠ), ಸಣ್ಣಪುಟ್ಟದರ ಪಾಲು ಊರಿನಲ್ಲೇ ಇರುವ ವಿಕಾರ್ ಎಂಬ ಪಾದ್ರಿಗೆ. ಈ ಸಣ್ಣಪುಟ್ಟದರ ಪಟ್ಟಿಯಲ್ಲಿ ಹಂದಿಮರಿ, ಜೇನು, ಮೊಟ್ಟೆ, ಅಗಸೆ ನಾರು, ಸೇಬು, ಲೀಕ್, ಬೆಳ್ಳುಳ್ಳಿ ಎಲ್ಲ ಬರುತ್ತವೆ. ಹಿತ್ತಲಲ್ಲಿ ಯಾರಾದರೂ ಬೀನ್ಸ್ ಅಥವಾ ಗೋಧಿ ಹಾಕಿದರೆ ಜಗಳ ಶುರು: ಅದರ ಪಾಲು ಮಠಕ್ಕೋ, ಪಾದ್ರಿಗೋ? ಕೆಲವು ಒಪ್ಪಂದಗಳು ಇದಕ್ಕೆ ಚೊಕ್ಕವಾದ ಪರಿಹಾರ ಕಂಡುಕೊಂಡಿದ್ದವು. ನೇಗಿಲಿನಿಂದ ಉತ್ತ ನೆಲದ್ದು ರೆಕ್ಟರ್‌ಗೆ, ಗುದ್ದಲಿಯನ್ನು ಕಾಲಿನಿಂದ ಒತ್ತಿ ಅಗೆದ ನೆಲದ್ದು ವಿಕಾರ್‌ಗೆ. ತರಕಾರಿ ಮಡಿಗಳು ನಿಜವಾಗಿ ಇದ್ದವು, ಅವುಗಳ ಹುಟ್ಟುವಳಿ ಕಿತ್ತಾಡುವಷ್ಟು ಬೆಲೆಬಾಳುತ್ತಿತ್ತು ಎನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಆ ಮಡಿಗಳು ಎಲ್ಲಿದ್ದವು ಎಂಬುದನ್ನು ಯಾರ್ಕ್‌ಶೈರ್‌ನ ವಾರಮ್ ಪರ್ಸಿಯಲ್ಲಿ ಈಗಲೂ ನೋಡಬಹುದು. ಮಧ್ಯಯುಗದ ಕೊನೆಗೆ ಜನ ಬಿಟ್ಟುಹೋದ ಈ ಊರನ್ನು 1950ರಿಂದ 1990ರವರೆಗೆ ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಮುಂದಾಳುತನದಲ್ಲಿ ಪ್ರತಿ ಬೇಸಿಗೆ ಅಗೆದರು. ಬೀದಿಯ ಪಕ್ಕಕ್ಕೆ ಸಾಲಾಗಿ ಮನೆ ನಿವೇಶನ, ಅದಕ್ಕೆ ಟಾಫ್ಟ್ ಎಂದು ಹೆಸರು. ಬೆನ್ನಿಗೆ ಉದ್ದನೆಯ ಹಿತ್ತಲು, ಅದು ಕ್ರಾಫ್ಟ್. ಅದರಾಚೆ ಊರಿನ ಹೊಲಗಳು. ಹಳ್ಳಿಗಳಲ್ಲಿ ಹಿತ್ತಲಿನ ಅಳತೆ ಸಾಮಾನ್ಯವಾಗಿ ಕಾಲು ಎಕರೆಯಿಂದ ಅರ್ಧ ಎಕರೆ, ಅಂದರೆ ಹತ್ತರಿಂದ ಇಪ್ಪತ್ತು ಗುಂಟೆ. ಮೂವತ್ತು ಎಕರೆ ಹೊಲವಿದ್ದ ಸ್ಥಿತಿವಂತ ಒಕ್ಕಲಿಗೆ ಇದು ಬಾಲಂಗೋಚಿ. ಹೊಲವೇ ಇಲ್ಲದೆ ಕೂಲಿ ಮಾಡಿ ಬದುಕುವ ಗುಡಿಸಿಲಿನವನಿಗೆ ಇದೇ ಆಸ್ತಿ.

ಹೊಲಕ್ಕೂ ಹಿತ್ತಲಿಗೂ ಇದ್ದ ವ್ಯತ್ಯಾಸ ಬರೀ ಅಳತೆಯದಲ್ಲ. ಮಧ್ಯ ಇಂಗ್ಲೆಂಡಿನ ಬಹುಪಾಲು ಊರುಗಳಲ್ಲಿ ಹೊಲ ಬೇಲಿಯಿಲ್ಲದ ಬಯಲು. ಒಬ್ಬೊಬ್ಬನಿಗೆ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿ. ಒಂದು ಬಯಲಿಗೆ ಚಳಿಗಾಲದ ಗೋಧಿ ಅಥವಾ ರೈ, ಇನ್ನೊಂದಕ್ಕೆ ವಸಂತದಲ್ಲಿ ಬಾರ್ಲಿ, ಓಟ್ಸ್, ಬಟಾಣಿ, ಬೀನ್ಸ್, ಮೂರನೆಯದು ಬೀಳು. ಯಾವಾಗ ಬಿತ್ತಬೇಕು, ಯಾವಾಗ ಕೊಯ್ಯಬೇಕು ಎಂಬುದು ಊರೊಟ್ಟಿನ ಮಾತು. ಕೊಯ್ಲು ಮುಗಿದ ಮರುದಿನದಿಂದ ಇಡೀ ಬಯಲಿಗೆ ಊರ ದನ, ಕುರಿ ನುಗ್ಗುತ್ತವೆ. ಈಗ ಯೋಚಿಸಿ: ಚಳಿಗಾಲವಿಡೀ ನೆಲದಲ್ಲಿ ನಿಂತಿರಬೇಕಾದ ಕೋಸನ್ನೋ ಲೀಕನ್ನೋ ಆ ಬಯಲಲ್ಲಿ ನೆಟ್ಟರೆ ಏನು ಉಳಿದೀತು? ತರಕಾರಿಗೆ ಬೇಲಿ ಬೇಕು, ಬೇಲಿ ಇದ್ದದ್ದು ಹಿತ್ತಲಿಗೆ ಮಾತ್ರ. ಊರಿನ ಅಂಕೆಯಿಲ್ಲದೆ ತನಗೆ ಬೇಕಾದ್ದನ್ನು ಬೇಕಾದಾಗ ಬಿತ್ತುವ ಸ್ವಾತಂತ್ರ್ಯ ಹಳ್ಳಿಗನಿಗೆ ಇದ್ದದ್ದೂ ಅಲ್ಲೇ. ಮ್ಯಾನರ್ ನ್ಯಾಯಾಲಯದ ಕಡತಗಳಲ್ಲಿ ಪಕ್ಕದ ಮನೆಯವರ ಹಂದಿ ಬೇಲಿ ಮುರಿದು ಹಿತ್ತಲು ಹಾಳುಮಾಡಿದ ದೂರು ಮತ್ತೆ ಮತ್ತೆ ಬರುತ್ತದೆ. ಹಂದಿ ನೆಲ ಅಗೆಯದಂತೆ ಅದರ ಮೂಗಿಗೆ ಉಂಗುರ ಹಾಕಿಸಬೇಕೆಂದು ಊರುಗಳು ಕಟ್ಟಳೆ ಮಾಡಿದ್ದವು.

ಹಿತ್ತಲಿನ ಮಣ್ಣು ಹೊಲದ ಮಣ್ಣಿಗಿಂತ ಮೇಲು. ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿ, ಕಸ, ಕೋಳಿ ಹಿಕ್ಕೆ, ಮನುಷ್ಯರ ಮಲ ಎಲ್ಲದಕ್ಕೂ ಹತ್ತಿರದ ಜಾಗ ಅದೇ. ಕೆಲಸ ಹೆಚ್ಚಾಗಿ ಹೆಂಗಸರದು, ಮಕ್ಕಳದು.

ಬೆಳೆಗಳಲ್ಲಿ ಮೊದಲ ಮಾತು ಕೋಸಿಗೇ ಸಲ್ಲಬೇಕು. ಇಂದು ನಾವು ಕೋಸು ಎಂದರೆ ಉಂಡೆಗಟ್ಟಿದ ಎಲೆಕೋಸು ಕಣ್ಣಿಗೆ ಬರುತ್ತದೆ. ಅವರದು ಬಿಡಿ ಎಲೆಯದು: ಗಟ್ಟಿ ದಂಟು, ಅದರ ಸುತ್ತ ಅಗಲವಾದ ಒರಟು ಎಲೆ. ಕೆಳಗಿನ ಎಲೆ ಮುರಿದುಕೊಂಡಂತೆ ಮೇಲೆ ಹೊಸದು ಬರುತ್ತದೆ, ಹಿಮ ಬಿದ್ದರೂ ಸಾಯುವುದಿಲ್ಲ. 1440ರ ಸುಮಾರಿನದು ಎನ್ನಲಾದ, ಜಾನ್ ಗಾರ್ಡನರ್ ಎಂಬಾತನ ಹೆಸರಿನಲ್ಲಿರುವ ತೋಟಗಾರಿಕೆಯ ಪದ್ಯವೊಂದು ಈ ಸೊಪ್ಪು ಯಜಮಾನನಿಗೂ ಬೇಕು, ಆಳಿಗೂ ಬೇಕು ಎನ್ನುತ್ತದೆ. ವರ್ಷವಿಡೀ ಎಳೆಯ ಸೊಪ್ಪು ಸಿಗಬೇಕಾದರೆ ನಾಲ್ಕು ಸಲ ಬಿತ್ತಬೇಕೆಂದು ಲೆಕ್ಕವನ್ನೂ ಕೊಡುತ್ತದೆ: ಬೇಸಿಗೆಗೆ ಮೇ ತಿಂಗಳಲ್ಲಿ, ಸುಗ್ಗಿಯ ಕಾಲಕ್ಕೆ ಜುಲೈನಲ್ಲಿ, ಚಳಿಗಾಲಕ್ಕೆ ನವೆಂಬರಿನಲ್ಲಿ, ವಸಂತಕ್ಕೆ ಮಾರ್ಚ್‌ನಲ್ಲಿ. ಇಂಗ್ಲಿಷ್ ಕವಿ ಚಾಸರ್ ಬರೆದ ಕೋಳಿ ಮತ್ತು ನರಿಯ ಕಥೆಯಲ್ಲಿ ಬಡ ವಿಧವೆಯ ಅಂಗಳಕ್ಕೆ ನುಗ್ಗಿದ ನರಿ ಅಡಗಿ ಕೂರುವುದೂ ಇಂಥದೇ ಸೊಪ್ಪಿನ ಮಡಿಯಲ್ಲಿ. ಬಡವರ ಮನೆ ಎಂದು ಓದುಗನಿಗೆ ತಿಳಿಸಲು ಕವಿಗೆ ಅಷ್ಟು ಸಾಕಾಗಿತ್ತು.

ಕೋಸಿನ ಜೋಡಿ ಲೀಕ್. ಅದೂ ಚಳಿಗೆ ಬಗ್ಗದ ಗಿಡ, ಬೇಕಾದಾಗ ಕಿತ್ತುಕೊಳ್ಳಬಹುದು. ಈರುಳ್ಳಿ, ಬೆಳ್ಳುಳ್ಳಿ ಒಣಗಿಸಿ ಇಡುವಂಥವು. ನಾರ್ವಿಚ್ ಕೆಥೀಡ್ರಲ್‌ನ ಮಠದಲ್ಲಿ 1340ರಿಂದಾಚೆಗಿನ ತೋಟಗಾರನ ಲೆಕ್ಕಪತ್ರ ಉಳಿದಿದೆ. ಅಲ್ಲೂ ಎದ್ದು ಕಾಣುವುದು ಲೀಕ್, ಈರುಳ್ಳಿ, ಬೆಳ್ಳುಳ್ಳಿ, ಸೇಬು, ಪೇರ್ ಹಣ್ಣುಗಳೇ. ಮಠಕ್ಕೂ ಗುಡಿಸಿಲಿಗೂ ತರಕಾರಿಯ ಪಟ್ಟಿಯಲ್ಲಿ ಅಂಥ ದೊಡ್ಡ ಅಂತರವಿರಲಿಲ್ಲ. ಅಂತರ ಇದ್ದದ್ದು ಅದರ ಪಕ್ಕದಲ್ಲಿ ಇಡುವ ಮಾಂಸ, ಮೀನು, ಮಸಾಲೆಯಲ್ಲಿ. ಲೀಕ್, ಬೆಳ್ಳುಳ್ಳಿ ವಾಸನೆಯ ಬಾಯಿ ಹಳ್ಳಿಗಾಡಿನವರ ಗುರುತು ಎಂದು ಮೇಲ್ವರ್ಗದವರು ಮೂಗು ಮುರಿಯುತ್ತಿದ್ದರು. ಅವರ ಅಡುಗೆಮನೆಗೂ ಅವು ಹೋಗುತ್ತಿದ್ದವು ಎನ್ನುವುದು ಬೇರೆ ಮಾತು.

ಬೇರು ತರಕಾರಿಗಳಲ್ಲಿ ಟರ್ನಿಪ್, ಪಾರ್ಸ್ನಿಪ್, ಸ್ಕಿರೆಟ್ ಇದ್ದವು. ಕ್ಯಾರೆಟ್ ಇದ್ದರೂ ನಮ್ಮ ಕಿತ್ತಳೆ ಬಣ್ಣದ್ದಲ್ಲ. ಆ ಬಣ್ಣದ ತಳಿ ಮಧ್ಯಯುಗ ಮುಗಿದ ಮೇಲೆ ನೆದರ್‌ಲ್ಯಾಂಡ್ಸ್‌ನ ಬೆಳೆಗಾರರ ಕೈಯಲ್ಲಿ ಹರಡಿದ್ದು. ಬೀಟ್ ಗಿಡವನ್ನು ಎಲೆಗಾಗಿ ಬೆಳೆಯುತ್ತಿದ್ದರು. ಪಾರ್ಸ್ಲಿ, ಸೇಜ್, ಪುದೀನ, ಸೋಂಪು, ಸಾಸಿವೆ ಹಿತ್ತಲ ಮೂಲೆಯಲ್ಲಿ ಇರುತ್ತಿದ್ದವು. ಬಿತ್ತದೆ ಬರುವ ಸೊಪ್ಪೂ ಕಡಿಮೆಯಿಲ್ಲ. ಮುಟ್ಟಿದರೆ ಚುರುಗುಟ್ಟುವ ನೆಟಲ್ ಗಿಡದ ಎಳೆಯ ಎಲೆ, ಸೋರೆಲ್ ಎಂಬ ಹುಳಿಸೊಪ್ಪು, ನಮ್ಮಲ್ಲಿ ಚಕ್ಕೋತ ಎಂದು ಮಾರುವ ಸೊಪ್ಪು ಅಲ್ಲಿಯೂ ತಿಪ್ಪೆಯ ಪಕ್ಕದಲ್ಲಿ ತಾನಾಗಿ ಹುಟ್ಟುತ್ತಿತ್ತು. ಆಲೂಗಡ್ಡೆ, ಟೊಮೆಟೊ, ಹುರುಳಿಕಾಯಿ, ಮೆಕ್ಕೆಜೋಳ, ಮೆಣಸಿನಕಾಯಿ ಯಾವುದೂ ಇಲ್ಲ. ಅವು 1492ರ ನಂತರ ಅಮೆರಿಕದಿಂದ ಬಂದವು. ಆಗ ನಮ್ಮ ವಿಜಯನಗರದ ಅಡುಗೆಯಲ್ಲೂ ಖಾರಕ್ಕೆ ಇದ್ದದ್ದು ಕರಿಮೆಣಸೇ.

ಇದೆಲ್ಲ ಸೇರುತ್ತಿದ್ದುದು ಪಾಟೇಜ್ ಎಂಬ ಒಂದೇ ಮಡಕೆಗೆ. ಓಟ್ಸ್ ಅಥವಾ ಬಾರ್ಲಿ ನುಚ್ಚು, ಒಣ ಬಟಾಣಿ, ಹೆಚ್ಚಿದ ಸೊಪ್ಪು, ಲೀಕ್, ಇದ್ದರೆ ಒಂದು ಚೂರು ಉಪ್ಪು ಹಾಕಿದ ಹಂದಿಮಾಂಸ. ನಮ್ಮ ಗಂಜಿಗೆ ಮಸೊಪ್ಪು ಬೆರೆಸಿದಂತೆ ಅಂದುಕೊಳ್ಳಿ, ಖಾರ ಮತ್ತು ಹುಣಸೆಹುಳಿ ಬಿಟ್ಟು.

ಬಟಾಣಿ, ಬೀನ್ಸ್ ಹಿತ್ತಲಿಗೂ ಹೊಲಕ್ಕೂ ಸೇರಿದವು. ಬೀನ್ಸ್ ಅಂದರೆ ಆಗ ಬ್ರಾಡ್ ಬೀನ್ಸ್ ಜಾತಿಯ ಸಣ್ಣ ಗಟ್ಟಿ ಕಾಳು. ಇವುಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಅದರ ಒಂದಂಶ ಮಣ್ಣಿಗೂ ಸೇರುತ್ತದೆ. ಕಾರಣ ಅವರಿಗೆ ತಿಳಿದಿರಲಿಲ್ಲ, ಆದರೆ 13 ಮತ್ತು 14ನೆಯ ಶತಮಾನಗಳಲ್ಲಿ ಹಲವು ಕಡೆ ಇವುಗಳ ಬಿತ್ತನೆ ಹೆಚ್ಚುತ್ತ ಹೋಯಿತು. ಒಣಗಿದ ಕಾಳು ವರ್ಷವಿಡೀ ಕೆಡುವುದಿಲ್ಲ, ಮಾಂಸ ಮುಟ್ಟಬಾರದ ಲೆಂಟ್ ಉಪವಾಸದ ನಲವತ್ತು ದಿನಗಳಿಗೆ ಅದೇ ಗಟ್ಟಿ ಊಟ, ಮಿಕ್ಕದ್ದು ಹಂದಿಗೆ ಮತ್ತು ಕುದುರೆಗೆ. ಹಸಿ ಕಾಯಿಯ ವಿಷಯದಲ್ಲಿ ಮಾತ್ರ ಊರಿಗೆ ತಲೆನೋವು. ಬೇಲಿಯಿಲ್ಲದ ಬಯಲಿನಲ್ಲಿ ಪಕ್ಕದವನ ಪಟ್ಟಿಯಿಂದ ನಾಲ್ಕು ಕಾಯಿ ಕಿತ್ತು ಮಡಿಲಿಗೆ ಹಾಕಿಕೊಳ್ಳುವುದು ಎಷ್ಟು ಸುಲಭ! ಅದಕ್ಕೇ ಊರ ಕಟ್ಟಳೆಗಳಲ್ಲಿ ಇದಕ್ಕೊಂದು ಬಾಬು ಇರುತ್ತಿತ್ತು. ಹೊಲವಿದ್ದವರು ತಮ್ಮ ಪಟ್ಟಿಯಿಂದಲೇ ಕೀಳಬೇಕು. ಹೊಲವಿಲ್ಲದ ಬಡವರು ಇಂಥ ಕಡೆ, ಇಂಥ ಹೊತ್ತಿನಲ್ಲಿ ಮಾತ್ರ ಕಿತ್ತುಕೊಳ್ಳಬಹುದು. ಕಳ್ಳತನಕ್ಕೆ ತಡೆ ಹಾಕುತ್ತಲೇ ಬಡವರಿಗೂ ಪಾಲು ಬಿಟ್ಟ ಈ ಜಾಣತನ ನನಗೆ ಇಷ್ಟ.

ಹಿತ್ತಲಿನ ಬೆಲೆ ಗೊತ್ತಾಗುತ್ತಿದ್ದುದು ಬೇಸಿಗೆಯ ನಡುವೆ. ಹೊಲ ಹಸಿರಾಗಿ ತೂಗುತ್ತಿರುವಾಗಲೇ ಹಸಿವು ಹೆಚ್ಚು, ಯಾಕೆಂದರೆ ಹೋದ ವರ್ಷದ ಧಾನ್ಯ ಕಣಜದಲ್ಲಿ ಮುಗಿದಿದೆ, ಹೊಸದು ಆಗಸ್ಟ್ 1ರ ಲಾಮಸ್ ಹಬ್ಬದ ಹೊತ್ತಿಗೆ ಬರಬೇಕು. 14ನೆಯ ಶತಮಾನದ ಕೊನೆಯ ಭಾಗದಲ್ಲಿ ವಿಲಿಯಂ ಲ್ಯಾಂಗ್‌ಲೆಂಡ್ ಬರೆದ ಪಿಯರ್ಸ್ ಪ್ಲೌಮನ್ ಕಾವ್ಯದಲ್ಲಿ ಹಸಿವು ಒಂದು ಪಾತ್ರವಾಗಿ ಬಂದು ಕೂರುತ್ತದೆ, ಏನಾದರೂ ಕೊಡದೆ ಎದ್ದು ಹೋಗುವುದಿಲ್ಲ. ಉಳುವವ ಪಿಯರ್ಸ್ ತನ್ನ ಮನೆಯ ಸ್ಥಿತಿ ಬಿಚ್ಚಿಡುತ್ತಾನೆ. ಕೋಳಿ, ಹೆಬ್ಬಾತು, ಹಂದಿ ಕೊಳ್ಳಲು ಕಾಸಿಲ್ಲ, ಉಪ್ಪುಮಾಂಸವಿಲ್ಲ, ಮೊಟ್ಟೆಯಿಲ್ಲ. ಇರುವುದು ಎರಡು ಹಸಿ ಚೀಸ್, ಒಂದಿಷ್ಟು ಮೊಸರುಗಡ್ಡೆ ಮತ್ತು ಕೆನೆ, ಒಂದು ಓಟ್ಸ್ ರೊಟ್ಟಿ, ಮಕ್ಕಳಿಗೆಂದು ಬೀನ್ಸ್ ಹಿಟ್ಟು ಮತ್ತು ತೌಡು ಸೇರಿಸಿ ಸುಟ್ಟ ಎರಡು ರೊಟ್ಟಿ. ಆದರೆ ಪಾರ್ಸ್ಲಿ ಇದೆ, ಲೀಕ್ ಇದೆ, ಕೋಸಿನ ಗಿಡ ಬೇಕಾದಷ್ಟಿದೆ. ಲಾಮಸ್‌ವರೆಗೆ ಇದರಲ್ಲೇ ಸಾಗಿಸಬೇಕು. ಅವನ ಮಾತು ಮುಗಿದ ಮೇಲೆ ಊರ ಬಡವರೆಲ್ಲ ಮಡಿಲು ತುಂಬ ಬಟಾಣಿ ಕಾಯಿ, ಬೀನ್ಸ್, ಸುಟ್ಟ ಸೇಬು, ಎಳೆ ಈರುಳ್ಳಿ, ಚೆರ್ರಿ ತಂದು ಹಸಿವಿನ ಮುಂದೆ ಸುರಿಯುತ್ತಾರೆ. ಕಾವ್ಯವೆಂದು ಬದಿಗಿಡುವ ಹಾಗಿಲ್ಲ. ಈ ಪಟ್ಟಿಯಲ್ಲಿ ಹಿತ್ತಲಿನದಲ್ಲದ್ದು ಎಷ್ಟಿದೆ, ಎಣಿಸಿ ನೋಡಿ. 1315ರಿಂದ 1317ರವರೆಗಿನ ಮಹಾ ಕ್ಷಾಮದಲ್ಲಿ ಮಳೆ ಬಿಡದೆ ಸುರಿದು ಧಾನ್ಯ ಕೊಳೆತಾಗ ಹಿತ್ತಲೊಂದೇ ಯಾರನ್ನೂ ಕಾಪಾಡಲಾರದಾಯಿತು, ಸೊಪ್ಪಿನಿಂದ ಹೊಟ್ಟೆ ತುಂಬಬಹುದೇ ಹೊರತು ದುಡಿಯುವ ಮೈಗೆ ಬೇಕಾದ ಕಸುವು ಬರುವುದಿಲ್ಲ. ಆದರೆ ಸಾಧಾರಣ ವರ್ಷದಲ್ಲಿ ಆ ಕೆಲವು ವಾರಗಳನ್ನು ದಾಟಿಸಿದ್ದು ಅದೇ.

ಹಣ್ಣಿನಲ್ಲಿ ಸೇಬಿನದೇ ರಾಜ್ಯ, ಅದರ ಹಿಂದೆ ಪೇರ್, ಪ್ಲಮ್, ಚೆರ್ರಿ. ಕಾಸ್ಟರ್ಡ್, ಪಿಯರ್‌ಮೇನ್ ಎಂಬ ಸೇಬಿನ ತಳಿಗಳ ಹೆಸರು 13ನೆಯ ಶತಮಾನದಲ್ಲೇ ಕೇಳಿಬರುತ್ತದೆ. ನಾರ್ಫೋಕ್‌ನ ರನ್‌ಹ್ಯಾಮ್ ಎಂಬಲ್ಲಿನ ಒಡೆಯ ರಾಜನಿಗೆ ಕೊಡಬೇಕಾದ ವಾರ್ಷಿಕ ಕಾಣಿಕೆಯಲ್ಲಿ 200 ಪಿಯರ್‌ಮೇನ್ ಸೇಬು ಸೇರಿತ್ತು. ಬೆಡ್‌ಫರ್ಡ್‌ಶೈರ್‌ನ ವಾರ್ಡನ್ ಮಠದ ಹೆಸರು ಹೊತ್ತ ಪೇರ್ ಹಣ್ಣು ಕಲ್ಲಿನಂತೆ ಗಟ್ಟಿ, ಬೇಯಿಸಿಯೇ ತಿನ್ನಬೇಕು, ಆದರೆ ಚಳಿಗಾಲವಿಡೀ ಕೆಡದು. ಇವುಗಳಲ್ಲಿ ವಿಚಿತ್ರವಾದದ್ದು ಮೆಡ್ಲರ್. ಚಳಿ ಶುರುವಾಗುವಾಗ ಕಿತ್ತರೆ ಒಗರು, ಬಾಯಿಗಿಡಲಾಗದು. ಅದನ್ನು ಹುಲ್ಲಿನ ಮೇಲೆ ಹರಡಿ ವಾರಗಟ್ಟಲೆ ಬಿಡುತ್ತಾರೆ. ತಿರುಳು ಕಂದಾಗಿ, ಮೆತ್ತಗಾಗಿ, ನೋಡಿದವರು ಕೊಳೆತಿದೆ ಎನ್ನುವ ಹದಕ್ಕೆ ಬಂದಾಗ ಸಿಹಿ. ಬೇಲಿಯ ಕಾಡುಸೇಬನ್ನು ಹಿಂಡಿ ಅಡುಗೆಗೆ ಹುಳಿರಸ ಮಾಡುತ್ತಿದ್ದರು. ಬ್ಲ್ಯಾಕ್‌ಬೆರಿ, ಸ್ಲೋ, ಹೇಜಲ್ ಕಾಯಿ ಕಾಡಿನವು. ಸ್ಟ್ರಾಬೆರಿಯೂ ಕಾಡಿನ ಚಿಕ್ಕ ಹಣ್ಣೇ. ಇಂದಿನ ದಪ್ಪ ಸ್ಟ್ರಾಬೆರಿ 18ನೆಯ ಶತಮಾನದಲ್ಲಿ ಎರಡು ಅಮೆರಿಕನ್ ಜಾತಿಗಳು ಬೆರೆತು ಹುಟ್ಟಿದ್ದು.

ಹಸಿ ಹಣ್ಣು ಜ್ವರ ತರುತ್ತದೆ, ಅದರ ಗುಣ ಶೀತ ಎಂದು ವೈದ್ಯರು ಹೆದರಿಸುತ್ತಿದ್ದರು. 1216ರಲ್ಲಿ ಕಿಂಗ್ ಜಾನ್ ಸತ್ತಾಗ ಪೀಚ್ ಹಣ್ಣು ಮತ್ತು ಹೊಸ ಸೈಡರ್ (ಸೇಬಿನ ಮದ್ಯ) ಅತಿಯಾದದ್ದೇ ಕಾಯಿಲೆ ಉಲ್ಬಣಿಸಲು ಕಾರಣ ಎಂದು ಆ ಕಾಲದ ಇತಿಹಾಸಕಾರ ರೋಜರ್ ಆಫ್ ವೆಂಡೋವರ್ ಬರೆದ. ವೈದ್ಯರ ಪುಸ್ತಕ ಓದದ ಹಳ್ಳಿಯ ಹುಡುಗರು ಮರ ಹತ್ತುವುದನ್ನೇನೂ ಬಿಡಲಿಲ್ಲ. ಹಣ್ಣು ಕೀಳಲು ಹತ್ತಿ ಬಿದ್ದು ಸತ್ತವರ ಪ್ರಕರಣಗಳು ಆ ಕಾಲದ ಸಾವಿನ ತನಿಖಾ ಕಡತಗಳಲ್ಲಿ ಸಿಗುತ್ತವೆ. ಕಡತದಲ್ಲಿ ಹಣ್ಣಿನ ಮರ ಬರುವ ಇನ್ನೊಂದು ಸಂದರ್ಭ ಹೆಚ್ಚು ಮನೆವಾರ್ತೆಯದು. ವಯಸ್ಸಾದ ಅಪ್ಪ ಅಥವಾ ವಿಧವೆ ತಾಯಿ ಜಮೀನನ್ನು ಮಗನಿಗೆ ಬಿಟ್ಟುಕೊಡುವಾಗ ಮ್ಯಾನರ್ ನ್ಯಾಯಾಲಯದಲ್ಲಿ ಕರಾರು ಬರೆಸುತ್ತಿದ್ದರು: ವರ್ಷಕ್ಕೆ ಇಷ್ಟು ಗೋಧಿ, ಇಷ್ಟು ಬಟಾಣಿ, ಇರಲು ಒಂದು ಕೋಣೆ. ಅದರ ಜೊತೆಗೆ ಹಿತ್ತಲಲ್ಲಿ ಒಂದು ಭಾಗ, ಮರಗಳ ಹಣ್ಣಿನಲ್ಲಿ ಒಂದು ಪಾಲು ಎಂದೂ ಕೆಲವರು ಸೇರಿಸಿದ್ದಾರೆ. ಮಗನ ಮೇಲೆ ನಂಬಿಕೆ ಎಷ್ಟಿತ್ತೋ, ಸೊಪ್ಪಿಗಾಗಿ ಸೊಸೆಯ ಮುಂದೆ ಕೈಚಾಚುವ ಇಷ್ಟವಂತೂ ಅವರಿಗೆ ಇರಲಿಲ್ಲ.

ಮನೆ ಖರ್ಚಿಗೆ ಮಿಕ್ಕದ್ದು ಸಂತೆಗೆ. ಹಿತ್ತಲಲ್ಲಿ ಕಾಸು ತರುತ್ತಿದ್ದುದು ನಾರಿನ ಗಿಡಗಳಾದ ಅಗಸೆ, ಹೆಂಪ್. ಅವುಗಳ ಜೊತೆಗೆ ಸೇಬು, ಈರುಳ್ಳಿ. ಪಟ್ಟಣ ಹತ್ತಿರವಿದ್ದರೆ ಗಿರಾಕಿಗೆ ಕೊರತೆಯಿಲ್ಲ. ಲಂಡನ್ನಿನಲ್ಲಿ ಶ್ರೀಮಂತರ, ಬಿಷಪ್ಪರ ತೋಟದ ಮಾಲಿಗಳು ಸೇಂಟ್ ಪಾಲ್ಸ್ ಚರ್ಚಿನ ಪಕ್ಕದಲ್ಲೇ ಕಾಳು, ಚೆರ್ರಿ, ತರಕಾರಿ ಹರವಿಕೊಂಡು ಕೂಗಿ ಮಾರುತ್ತಿದ್ದರು. ಅವರ ಗದ್ದಲ, ಬೈಗುಳದಿಂದ ಪ್ರಾರ್ಥನೆಗೆ ತೊಂದರೆ ಎಂದು 1345ರಲ್ಲಿ ದೂರು ಹೋಗಿ, ಕಡೆಗೆ ನಗರಾಡಳಿತ ಅವರಿಗೆ ಬೇರೆ ಜಾಗ ತೋರಿಸಬೇಕಾಯಿತು. ಸೊಪ್ಪಿನ ವ್ಯಾಪಾರ ಇತಿಹಾಸದ ಪುಟಕ್ಕೆ ಬಂದದ್ದು ಗಲಾಟೆಯ ಪುಣ್ಯದಿಂದ.

1348–49ರ ಪ್ಲೇಗ್ ಜನಸಂಖ್ಯೆಯ ಮೂರನೇ ಒಂದರಿಂದ ಅರ್ಧದಷ್ಟನ್ನು ನುಂಗಿದ ಮೇಲೆ ಲೆಕ್ಕ ಬದಲಾಯಿತು. ಕೂಲಿಯಾಳು ಸಿಗುವುದೇ ಕಷ್ಟವಾಗಿ ಕೂಲಿ ಏರಿತು, 1351ರ ಕಾರ್ಮಿಕರ ಶಾಸನ ಅದನ್ನು ಹಿಡಿದಿಡಲು ನೋಡಿ ಸೋತಿತು. ನಾರ್ಫೋಕ್‌ನ ಸೆಜ್‌ಫರ್ಡ್‌ನಲ್ಲಿ ಕೊಯ್ಲಿನ ಆಳುಗಳಿಗೆ ಕೊಟ್ಟ ಊಟದ ಲೆಕ್ಕ ನೋಡಿದರೆ 13ನೆಯ ಶತಮಾನದಿಂದ 15ನೆಯ ಶತಮಾನಕ್ಕೆ ಬರುವಷ್ಟರಲ್ಲಿ ರೊಟ್ಟಿಯ ಪಾಲು ಕುಗ್ಗಿ ಮಾಂಸ ಮತ್ತು ಏಲ್‌ನ ಪಾಲು ಹಿಗ್ಗಿದೆ. ಲ್ಯಾಂಗ್‌ಲೆಂಡ್‌ನ ಹಸಿವೂ ಸುಗ್ಗಿ ಬಂದೊಡನೆ ನಿದ್ದೆ ಹೋಗುತ್ತದೆ. ಆಗ ಭಿಕ್ಷುಕರು ಬೀನ್ಸ್ ಬೆರೆಸಿದ ರೊಟ್ಟಿ ಬೇಡವೆನ್ನುತ್ತಾರೆ, ತುಂಡು ನೆಲವಿಲ್ಲದ ಕೂಲಿಯವರು ನಿನ್ನೆ ರಾತ್ರಿಯ ತಂಗಳು ಸೊಪ್ಪನ್ನು ಮುಟ್ಟದೆ ಬಿಸಿ ಬಿಸಿ ಮಾಂಸ, ಮೀನು ಕೇಳುತ್ತಾರೆ ಎಂದು ಕವಿ ಸಿಡುಕುತ್ತಾನೆ. ಅವನ ಸಿಡುಕಿನಲ್ಲಿ ನನಗೆ ಪಾಲಿಲ್ಲ. ವರ್ಷದ ಬಹುಪಾಲು ದಿನ ಅದನ್ನೇ ತಿಂದವರು, ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಬೇರೆ ಕೇಳಿದರು, ಅಷ್ಟೆ.